ಸಮುದ್ರಕ್ಕೆ ಗೇಟು ಹಾಕಿದ್ದ ಹೋಟೆಲು

ರೇಷ್ಮೆಗೂಡಿಗೆ ಒಳ್ಳೆ ಬೆಲೆ ಬಂದಿದ್ದ ಕಾಲ. ಮಾಗಡಿ ಕಡೆಯ ನಮ್ಮೂರಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ ಬಂದ ಮಗ, “ಅವ್ವಾ, ಮಗೀಗೆ ಸಮುದ್ರ ತೋರ್ಸ್ಕಂಡು ಬರಾನ” ಎಂದ.

ಮಗು ಎಂದರೆ ನನ್ನ ಮೊಮ್ಮಗಳು. ಆಗ ಅವಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಅವಳ ಚೆಂದ ಬರೆಯೋಣವೆಂದು ಕೂತರೆ ನನಗೆ ಗೊತ್ತಿರುವ ಅಕ್ಷರ ಸಾಲುವುದಿಲ್ಲ. ನಾನು ಸ್ಕೂಲು ಬಿಟ್ಟಿದ್ದು ಮೂರನೇ ಕ್ಲಾಸಿಗೆ. ಯಾವ ಕೆರೆ ಕಂಡರೂ “ಅಜ್ಜೀ, ಸಮುದ್ರ ಇದ್ಕಿಂತ ದೊಡ್ದಾ?” ಎಂದು ಕೇಳುತ್ತಿದ್ದಳು. ಹೊಸ ಬೆಳೆಯ ರೇಷ್ಮೆ ಮರಿಹುಳುಗಳು ಮನೆಗೆ ಬರುವ ದಿನ ಹತ್ತಿರವಿತ್ತು. ಹೋದ ಮಾರನೆಯ ಬೆಳಿಗ್ಗೆಯೇ ವಾಪಸು ಬಸ್ಸು ಹತ್ತಬೇಕು. ಮಗು ಸಮುದ್ರ ಮುಟ್ಟಬೇಕಾದರೆ ಇದ್ದದ್ದು ಅದೊಂದೇ ಸಂಜೆ.

ಸಮುದ್ರದ ದಂಡೆಯಲ್ಲಿ ನಾವು ಮೂವರೂ ಇಳಿದುಕೊಂಡ ಹೋಟೆಲಿನ ಬೋರ್ಡಿನಲ್ಲಿ ಅಲೆಯ ಚಿತ್ರವಿತ್ತು. ರೂಮಿನಿಂದ ಸಮುದ್ರ ಕಾಣಬೇಕಾದರೆ ಬಚ್ಚಲಿನ ಕಿಟಕಿಗೆ ತಲೆ ತೂರಿಸಬೇಕು. ಸೋಪು ಬಸ್ ಟಿಕೆಟ್ಟಿನಷ್ಟು ತೆಳ್ಳಗಿತ್ತು. ಕಾಫಿ, ಲೋಟ ತೊಳೆದ ನೀರು. ಮಂಚಕ್ಕೆ ಬಾಡಿಗೆ ಕೊಟ್ಟ ಮೇಲೆ ಮಗುವಿಗೆ ಬೇರೆ ಬಾಡಿಗೆ.

“ಅವ್ಳು ನನ್ನ ಎದೆ ಮೇಲೆ ಮಲಗ್ತಾಳೆ ಕಣಪ್ಪ, ನಿನ್ ಮಂಚ ಯಾಕೆ?”

“ತಲೆ ಲೆಕ್ಕ ಅಮ್ಮ, ಮಲಗುವ ಜಾಗದ ಲೆಕ್ಕ ಅಲ್ಲ” ಎಂದ ಮ್ಯಾನೇಜರು.

ಫ್ಯಾನು ತಿರುಗಲಿಲ್ಲ. ಕರೆಂಟು ಹೋಗಿದೆ, ಜನರೇಟರು ಹಾಕಿದರೆ ಅದಕ್ಕೂ ಬೇರೆ ಚಾರ್ಜು ಉಂಟು ಎಂದ. ಮಗುವಿನ ಕತ್ತಿನ ತುಂಬ ಬೆವರುಸಾಲೆ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟುವ ಅಭ್ಯಾಸ ನಮಗೆ. ಹುಳುಗಳಿಗೇ ಅಷ್ಟು ಮಾಡುವವಳು ಮೊಮ್ಮಗಳಿಗೆ ಮಾಡದೆ ಇರುತ್ತೇನೆಯೇ? ಹೋಟೆಲಿನ ಬೆಡ್‌ಶೀಟುಗಳನ್ನು ನೆನೆಸಿ ಕಿಟಕಿಗೂ ಬಾಗಿಲಿಗೂ ಇಳಿಬಿಟ್ಟೆ. ನಮ್ಮೂರ ಒಣಗಾಳಿಗೆ ಅದು ತಂಪು ಕೊಡುತ್ತದೆ. ಅಲ್ಲಿಯ ಜಿಗುಟು ಗಾಳಿಗೆ ರೂಮು ಇಡ್ಲಿ ಪಾತ್ರೆಯಾಯಿತು.

“ಅವ್ವಾ, ನಮ್ಮನ್ನೂ ಗೂಡು ಬೇಯ್ಸ್ದಂಗೆ ಬೇಯಿಸ್ಬುಟ್ಟೆಯಲ್ಲ” ಎಂದು ಮಗ ನಕ್ಕ.

ಅಷ್ಟರಲ್ಲಿ ಮ್ಯಾನೇಜರು ಬಂದ. ಬಾಗಿಲಿನ ಒದ್ದೆ ಬಟ್ಟೆ ಅವನ ಮುಖಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಂಡು, “ಇದಕ್ಕೆ ಲಾಂಡ್ರಿ ಚಾರ್ಜು” ಎಂದ. ನೆನೆಸಿದವಳು ನಾನು, ಅದನ್ನು ಕೊಡೋಣವೆಂದೆ. ಆದರೆ ನಾವು ಸಮುದ್ರಕ್ಕೆ ಹೊರಟಾಗ ದಂಡೆಗೆ ತೆರೆಯುವ ಹಿತ್ತಲ ಗೇಟಿಗೆ ಬೀಗ. ಬೀಗ ತೆಗೆಯುವುದಕ್ಕೂ ತಲೆಗಿಷ್ಟು ಎಂದು ಫೀಸು. ಮಗು ಕಂಬಿ ಹಿಡಿದು ನಿಂತಿತ್ತು. ಹೊತ್ತು ಇಳಿಯುತ್ತಿತ್ತು.

“ಸಮುದ್ರ ನಿಮ್ಮಪ್ಪ ತೋಡ್ಸಿದ್ದೇನಪ್ಪ?” ಎಂದೆ.

“ಗೇಟು ನಮ್ಮದಲ್ವಾ ಅಮ್ಮ.”

“ಹಂಗಾದ್ರೆ ಗೇಟ್ನ ನೀನೇ ನೋಡ್ಕಂಡು ಕೂತ್ಕೊ.”

ಮಗ ಜೇಬಿಗೆ ಕೈ ಹಾಕಿದ್ದ. ನಾನು ಆ ಕೈ ಹಿಡಿದು ಎಳೆದೆ. ಮಂಚಕ್ಕೆ ಕೊಟ್ಟಾಯಿತು, ಬೆವರಿಗೂ ಕೊಟ್ಟಂತಾಯಿತು. ದೇವರು ಸುಮ್ಮನೆ ಸುರಿದಿಟ್ಟ ನೀರಿಗೂ ಕೊಟ್ಟು ಮೊಮ್ಮಗಳಿಗೆ ತೋರಿಸುವ ಹಣೆಬರಹ ನನಗೆ ಬೇಡವಾಗಿತ್ತು. ಮುಂಬಾಗಿಲಿನಿಂದ ಆಚೆ ಬಂದೆವು. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸನ್ನು ದಾರಿ ಕೇಳಿದರೆ ಅವಳು ಹೋಟೆಲಿನ ಕಡೆ ನೋಡಿ, “ಗೇಟಿಗೆ ಹಣ ಕೇಳಿದನಾ? ಈ ಗೋಡೆ ಮುಗಿಯುವವರೆಗೆ ಮಾತ್ರ ಅವನ ರಾಜ್ಯ” ಎಂದಳು.

ನಿಜವೇ. ನಾಲ್ಕು ತೆಂಗಿನಮರ ದಾಟಿದರೆ ಗೋಡೆಯೇ ಇಲ್ಲ.

ಮಗುವನ್ನು ಮರಳಿಗೆ ಇಳಿಸಿದೆ. ಅಲೆ ಬಂದು ಪಾದ ಮುಟ್ಟಿ ಹಿಂದಕ್ಕೆ ಹೋಯಿತು. ಹೆದರಿ ಅಳುತ್ತಾಳೇನೋ ಎಂದುಕೊಂಡೆ. ಅವಳು ಸೊಂಟಕ್ಕೆ ಕೈ ಕೊಟ್ಟು, ನಾನು ಕುರಿ ಗದರುವ ಹಾಗೆಯೇ, “ಏಯ್, ಎಲ್ಲೋಯ್ತೀಯ, ಬಾ ಇಲ್ಲಿ” ಎಂದು ಸಮುದ್ರವನ್ನು ಗದರಿದಳು. ಅದು ಬಂತು. ಅವಳು ನಕ್ಕ ನಗು ನೋಡಿ ನನಗೆ ನಿಂತ ನೆಲ ಮರೆತುಹೋಯಿತು, ಸೀರೆ ಮೊಣಕಾಲಿನವರೆಗೆ ನೆನೆದದ್ದೂ ತಿಳಿಯಲಿಲ್ಲ. ಕತ್ತಲಾಗುವ ತನಕ ಅವಳು ಕರೆದಳು, ಅದು ಬಂತು.

ಅವಳನ್ನು ಕಂಕುಳಲ್ಲಿ ಎತ್ತಿಕೊಂಡು, ಇಬ್ಬರ ಮೈಯಿಂದಲೂ ಮರಳು ಉದುರಿಸುತ್ತ ಆ ಮ್ಯಾನೇಜರನ ಮೇಜಿನ ಮುಂದೆಯೇ ಹಾದುಹೋದೆ. ಅವನು ನೆಲ ನೋಡಿದ, ಬಾಯಿ ತೆರೆದ.

“ಮೆಲ್ಲುಕೆ ಮಾತಾಡಪ್ಪ,” ಎಂದೆ, “ಮಗು ಮಲಗವ್ಳೆ.”