ಮೊದಲ ಚರಗಿ ಗದ್ದೆಮ್ಮನ ಕಾಲಿಗೆ

ದೇವದುರ್ಗದ ನಮ್ಮ ಓಣಿಯಲ್ಲಿ ಹುಡುಗರ ಮೂಗು ನೆಟ್ಟಗಿದ್ದರೆ, ತಲೆ ದುಂಡಗಿದ್ದರೆ ಅದು ಅವರ ಅಪ್ಪಂದಿರ ಪುಣ್ಯವಲ್ಲ, ಗದ್ದೆಮ್ಮನ ಕೈಗುಣ. ಹೆರಿಗೆಯಾದ ಮನೆಗೆ ಹೋಗಿ ಬಾಣಂತಿಗೆ, ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಕೆಲಸ. ಗಂಡ ತಾಯಪ್ಪ ತೀರಿಕೊಂಡ ಮೇಲೆ ಮಗಳು ಮಂಜುಳಾಳನ್ನು ಬೆಳೆಸಿ ಮಾನ್ವಿಗೆ ಮದುವೆ ಮಾಡಿಕೊಟ್ಟದ್ದೂ ಈ ಕೆಲಸದಿಂದಲೇ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಅವಳು ಕಾಲು ನೀಡಿ ಕೂತರೆ ಮುಗಿಯಿತು, ಮನೆಯ ಯಜಮಾನನೂ ನೀರು ಹೊರುವ ಆಳು.

ಕೂಸನ್ನು ಮಲಗಿಸುವುದು ಆ ನೀಡಿದ ಕಾಲುಗಳ ಮೇಲೆ. ಅದಕ್ಕೂ ಮೊದಲು ಒಂದು ಚರಗಿ ನೀರನ್ನು ತನ್ನ ಕಾಲಿಗೇ ಸುರಿದುಕೊಳ್ಳುವಳು. ಹದವಾಗಿದ್ದರೆ ಮಾತ್ರ ಕೂಸು ಕೊಡಿ ಎಂದು ಕೈ ಚಾಚುವಳು. "ಮೊದಲ ಚರಗಿ ನನ್ನ ಕಾಲಿಗೆ, ಎರಡನೇದು ಕೂಸಿಗೆ" ಎಂಬುದು ಅವಳ ಕಾನೂನು. ಅವಳೊಬ್ಬಳದೇ ಅಲ್ಲ, ನಮ್ಮ ಕಡೆ ಎರೆಯುವ ಹೆಂಗಸರೆಲ್ಲರದೂ ಅದೇ.

ಒಂದು ಬೇಸಿಗೆಯಲ್ಲಿ ಅವಳು ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಇನ್ನೊಂದು ಎಲ್ಲಿ ಜಾರಿತೋ ಗೊತ್ತಾಗಿರಲಿಲ್ಲ. ಓಣಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಕೆಲವು ದಿನ ಬಿಟ್ಟು, ತವರಿಗೆ ಬಂದಿದ್ದ ಮಂಜುಳಾ ತಾಯಿಯ ಪಾದ ನೋಡಿ ಚೀರಿದಳು. ಮೈ ತೊಳೆದುಕೊಳ್ಳುವಾಗ ಬಿಸಿನೀರಿಗೆ ಸುಟ್ಟು ಪಾದದ ತುಂಬ ನೀರುಗುಳ್ಳೆಗಳು ಎದ್ದಿದ್ದವು. ಗದ್ದೆಮ್ಮನಿಗೆ ಉರಿ ಹೋಗಲಿ, ಬಿಸಿಯೂ ತಿಳಿದಿರಲಿಲ್ಲ.

ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು, ಶುಗರು ಕಾಲಿನ ನರಗಳನ್ನು ತಿಂದಿದೆ ಎಂದರು. ಬಿಡಿಸಿ ಹೇಳಿದವಳು ಪಟ್ಟಿ ಕಟ್ಟಿದ ಮಿನಾಜ್ ಸಿಸ್ಟರ್. "ಅಮ್ಮಾ, ಇನ್ನ ಮ್ಯಾಲ ಕಾಲಿನ ಮಾತು ನಂಬಬ್ಯಾಡ್ರಿ. ಬಕೀಟಿಗೆ ಮೊದಲು ತಣ್ಣೀರು ಹಾಕ್ರಿ, ಆಮ್ಯಾಲ ಬಿಸಿನೀರು. ಮೊಳಕೈ ಅದ್ದಿ ನೋಡ್ರಿ, ಇಲ್ಲಾಂದ್ರ ಮನಿಯವರ ಕೈಲೆ ನೋಡಿಸ್ರಿ. ಉಗುರುಬೆಚ್ಚಗಿದ್ರ ಸಾಕು. ಜಳಕ ಆದ ಮ್ಯಾಲ ಬೆರಳಿನ ಸಂದಿ ಒರೆಸಿ, ಅಂಗಾಲು ನೋಡ್ಕೊಳ್ರಿ."

ವಾಪಸು ಬರುವಾಗ, ಗಬ್ಬೂರು ದಾಟಿದ ಮೇಲೆ, ಗದ್ದೆಮ್ಮ ಬಸ್ಸಿನಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಈ ಸತ್ತ ಕಾಲಿನ ಮ್ಯಾಲ ಎಷ್ಟು ಕೂಸು ಹಾಕ್ಕೊಂಡೀನಬೇ ಮಂಜೂ! ಒಂದಕ್ಕಾದ್ರೂ ಏನರ ಆಗಿದ್ರ?" ಏನೂ ಆಗಿರಲಿಲ್ಲ. ಆದರೆ ಅವಳಿಗೆ ತನ್ನ ಕಾಲಿನ ಹುಣ್ಣಿಗಿಂತ ಆಗದೇ ಇದ್ದುದರ ಭಯವೇ ದೊಡ್ಡದಾಗಿತ್ತು.

ಹುಣ್ಣು ಮಾಯ್ದ ಮೇಲೆ ಅಕ್ಕಿ ಮಿಲ್ಲಿನವರ ಮನೆಗೆ ಎರೆಯಲು ಹೋದಳು. ಕಾಲಿಗೆ ಸುರಿದುಕೊಳ್ಳದೆ ಬಕೀಟಿನಲ್ಲಿ ಮೊಳಕೈ ಅದ್ದಿದಳು. ಮನೆಯ ಹಿರಿಯಳು ಯಾಕೆಂದು ಕೇಳಿದಳು. ಗದ್ದೆಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರಲ್ಲ, ನಿಜ. ಸತ್ಯ ಹೇಳಿದವರ ಹೊಟ್ಟೆಯ ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ಕಾಲಿಗೆ ಸ್ಪರ್ಶವಿಲ್ಲವಂತೆ ಎಂದು ಹೊರಟ ಮಾತು ಬಜಾರು ಮುಟ್ಟುವಷ್ಟರಲ್ಲಿ ಕುಷ್ಠವಾಗಿತ್ತು. ಅವಳ ಕಾಲ ಮೇಲೆ ಬೆಳೆದು ಮೀಸೆ ಬಂದವರು ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಸರಿಯತೊಡಗಿದರು. ಹೊಸ ಬಾಣಂತಿಯರ ಮನೆಯವರು "ಹೇಳಿ ಕಳಸ್ತೀವಿ ಬೇ" ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಮೊಳಕೈ ಅದ್ದಿ ನೋಡುವವಳ ಕೈಯಷ್ಟು ಸುರಕ್ಷಿತವಾದ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಅದನ್ನು ಹೇಳಹೋದರೆ ನನ್ನನ್ನೇ ಹುಚ್ಚಿಯಂತೆ ನೋಡುತ್ತಿದ್ದರು.

ಅವಳಿಗೆ ಉಳಿದಿದ್ದ ಆಸೆ ಒಂದೇ. ಮಂಜುಳಾಗೆ ಎರಡನೇ ಹೆರಿಗೆ ಮಾನ್ವಿಯಲ್ಲಿ, ಗಂಡನ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಅದೊಂದು ಕೂಸಿಗೆ ತಾನು ಎರೆಯಬೇಕು ಎಂದು ಗದ್ದೆಮ್ಮ ಎಣ್ಣೆ ಕಾಯಿಸಿ ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿದಳು. ಅಲ್ಲಿ ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಮಂಜುಳಾ.

"ಬೀಗತ್ಯಾರ, ನೀರು ನೀವೇ ಹದ ಮಾಡಿ ಕೊಡ್ರಿ. ನಾ ಬರೇ ಕೂಸಿನ್ನ ಕಾಲ ಮ್ಯಾಲ ಹಾಕ್ಕೊಂತೀನಿ" ಎಂದು ಗದ್ದೆಮ್ಮ ಬೇಡಿಕೊಂಡಳು.

ಕುಷ್ಠದ ಮಾತು ಮಾನ್ವಿಗೂ ಮುಟ್ಟಿತ್ತು. ಮಂಜುಳಾಳ ಅತ್ತೆ ಹಣಮಮ್ಮ ನಕ್ಕಳು. "ನೀವ್ಯಾಕ ತ್ರಾಸ್ ತಗೋತೀರಿ? ಕಟ್ಟಿ ಮ್ಯಾಲ ಕುಂದುರ್ರಿ, ಚಾ ಕುಡೀರಿ. ಬಸ್ಸಮ್ಮಗ ಹೇಳೀವಿ."

ಮಾನ್ವಿಯಲ್ಲಿ ಎರೆಯುವವಳು ಈ ಬಸ್ಸಮ್ಮ. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಬಂಡೆ ಕಾದು ಹೆಂಚಾಗಿತ್ತು. ಬಸ್ಸಮ್ಮ ಒಳಗೆ ಬರುವಾಗ ಅವಳ ಒಂದು ಚಪ್ಪಲಿ ಬಾಗಿಲ ಬಳಿಯೇ ಕಳಚಿ ಉಳಿಯಿತು. ಅವಳು ತಿರುಗಿ ನೋಡಲಿಲ್ಲ. ಬರಿಗಾಲನ್ನು ಆ ಬಂಡೆಯ ಮೇಲೆ ಊರಿಕೊಂಡು ಆರಾಮಾಗಿ ನಡೆದುಬಂದಳು. ಕಟ್ಟೆಯ ಮೇಲಿದ್ದ ಗದ್ದೆಮ್ಮ ಚಹಾ ಕೆಳಗಿಟ್ಟಳು.

ಬಚ್ಚಲಿಗೆ ಹೋಗಿ ಮೆಲ್ಲಗೆ ಕೇಳಿದಳು. "ತಂಗೀ, ನಿನಗೂ ಶುಗರ್ ಅದನೇನು?"

ಬಸ್ಸಮ್ಮನ ಮುಖ ಕಪ್ಪಿಟ್ಟಿತು. "ಅದ. ಸುಮ್ಕಿರು ಯಕ್ಕಾ."

"ಹಂಗಾದ್ರ ಮೊಳಕೈ ಅದ್ದಿ ನೋಡವ್ವಾ. ಕಾಲು ನಂಬಬ್ಯಾಡ."

"ಅದ್ದಿದ್ರ ಯಾಕಂತ ಕೇಳ್ತಾರ. ಹೇಳಿ ನಿನ್ನಂಗ ಕಟ್ಟಿ ಮ್ಯಾಲ ಕುಂದ್ರಲೇನು?"

ಗದ್ದೆಮ್ಮ ತಾನೇ ಬಕೀಟಿಗೆ ಮೊಳಕೈ ಇಳಿಸಿದಳು, ಇಳಿಸಿದಷ್ಟೇ ಬೇಗ ತೆಗೆದಳು. ತಣ್ಣೀರು ಬೆರೆಸುತ್ತಿರುವಾಗ ಹಣಮಮ್ಮ ನೋಡಿಬಿಟ್ಟಳು. "ಏ, ರೋಗದ ಕೈ ಕೂಸಿನ ನೀರಾಗ ಅದ್ದಿದ್ಯಾ?" ಎಂದವಳೇ ಬಕೀಟನ್ನು ಪೂರ್ತಿ ಉರುಳಿಸಿ, ಹಂಡೆಯಿಂದ ಹೊಸ ನೀರು ತುಂಬಿದಳು.

ಗದ್ದೆಮ್ಮ ಅಡ್ಡ ನಿಂತಳು. "ಬಸ್ಸಮ್ಮನ ಕಾಲೂ ನನ್ನ ಕಾಲಿನಂಥವೇ ಅದಾವ್ರೀ. ಆಕಿಗೆ ಬಿಸಿ ತಿಳಿಯಂಗಿಲ್ಲ. ನಿಮ್ಮ ಕೈಯರ ಹಚ್ಚಿ ನೋಡ್ರಿ!"

"ಸುಳ್ಳು" ಎಂದಳು ಬಸ್ಸಮ್ಮ, ತಲೆ ಎತ್ತದೆ.

"ತನ್ನ ಕೆಲಸ ಹೋತಂತ ಮತ್ತೊಬ್ಬಾಕಿಗೆ ರೋಗ ಹಚ್ಚಾಕತ್ತಾಳ ನೋಡು" ಎಂದು ಹಣಮಮ್ಮ ಬೀಗತಿಯ ರಟ್ಟೆ ಹಿಡಿದು ಹೊರಗೆ ಎಳೆದಳು. ಮಂಚದಿಂದ ಮಂಜುಳಾ "ಅತ್ತೀ, ಯವ್ವನ ಮಾತು ಕೇಳ್ರಿ" ಎಂದು ಅಳುತ್ತಲೇ ಇದ್ದಳು. ಹಸಿ ಬಾಣಂತಿಯ ಮಾತನ್ನು ಕೇಳುವವರು ಯಾರು?

ಬಸ್ಸಮ್ಮ ಮೊದಲ ಚರಗಿಯನ್ನು ತನ್ನ ಕಾಲಿಗೆ ಸುರಿದುಕೊಂಡಳು. ಎಲ್ಲರಿಗೂ ಕೇಳುವಂತೆ "ಹದ ಅದ" ಎಂದಳು. ಎರಡನೇ ಚರಗಿ ಕೂಸಿಗೆ ಬಿತ್ತು.

ಹಸಿವಿನ ಅಳು ಯಾವುದು, ಉರಿಯ ಅಳು ಯಾವುದು ಎಂದು ಗದ್ದೆಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಣಮಮ್ಮನನ್ನು ದಬ್ಬಿ ಒಳಗೆ ನುಗ್ಗಿ, ಕೂಸನ್ನು ಕಸಿದುಕೊಂಡು ತೊಟ್ಟಿಯ ತಣ್ಣೀರನ್ನು ಅದರ ತೊಡೆಯ ಮೇಲೆ ಸುರಿಯುತ್ತಲೇ ಹೋದಳು. ಜೀವ ಉಳಿಯಿತು. ಎಳೆಯ ತೊಡೆಯ ಮೇಲೆ ಅಂಗೈಯಗಲ ಕಲೆ ಉಳಿದಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು. ಗದ್ದೆಮ್ಮನ ರೋಗದ ಕೈ ಬಿತ್ತು, ಅದಕ್ಕೇ ಕೂಸಿನ ಮೈ ಸುಟ್ಟಿತು ಎಂದು ಹಣಮಮ್ಮ ತೀರ್ಪು ಕೊಟ್ಟಳು. ಆ ಕೈ ಬಿದ್ದ ನೀರನ್ನು ಮೋರಿಗೆ ಚೆಲ್ಲಿದವಳು ತಾನೇ ಎಂಬುದು ಅವಳಿಗೆ ನೆನಪಿಲ್ಲ. ಗದ್ದೆಮ್ಮ ಮತ್ತೆ ಮಾನ್ವಿಯ ಬಸ್ಸು ಹತ್ತಿಲ್ಲ. ಮಂಜುಳಾ ತಾನೇ ಮೊಳಕೈ ಅದ್ದಿ ಮಗಳಿಗೆ ಎರೆದುಕೊಳ್ಳುತ್ತಾಳೆ, ಅತ್ತೆ ಏನೇ ಅನ್ನಲಿ.

ಬಸ್ಸಮ್ಮನಿಗೆ ಮಾನ್ವಿಯಲ್ಲಿ ಕೈತುಂಬ ಕೆಲಸ. ಈಗ ಬಚ್ಚಲ ಬಾಗಿಲು ಹಾಕಿಕೊಂಡು ಎರೆಯುತ್ತಾಳಂತೆ. ಒಳಗೆ ಮೊಳಕೈ ಅದ್ದುತ್ತಾಳೋ ಇಲ್ಲವೋ, ಯಾರೂ ಕೇಳಿಲ್ಲ.