ನನ್ನ ಕಾಲಾಳಿಗೆ ಅಜ್ಜಿಯ ಸೀರೆ

ಐನೂರು ವರ್ಷದ ಹಿಂದಿನ ಕಾಲಾಳಿಗೆ ಕವಚ ಹುಡುಕುವ ಹಣೆಬರಹ ನನ್ನ ಶತ್ರುವಿಗೂ ಬೇಡ. ನನ್ನ ಕಾದಂಬರಿಯ ಸೈನಿಕ ಬಿರುಬಿಸಿಲಿನಲ್ಲಿ ರಾಜಘಟ್ಟದಿಂದ ದೊಡ್ಡಬೆಳವಂಗಲಕ್ಕೆ ಓಡಿ, ಪಾಳೇಗಾರನಿಗೆ ಸುದ್ದಿ ಮುಟ್ಟಿಸಿ, ಬಾಣ ತಗುಲಿ ಸಾಯಬೇಕಿತ್ತು. ಅವನಿಗೆ ಕುತ್ತಿಗೆಯಿಂದ ತೊಡೆಯವರೆಗೆ ಕಬ್ಬಿಣ ತೊಡಿಸಿದ್ದೆ.

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ನನ್ನಣ್ಣ ಅದನ್ನು ಓದಿ ನಕ್ಕ. "ಇದನ್ನ ಹಾಕ್ಕೊಂಡು ಓಡ್ತಾನಾ? ನೀನೇ ಹಾಕ್ಕೊಂಡ್ ನೋಡಮ್ಮ." ಮರುದಿನ ಗುಜರಿ ತಗಡಿನ ಎರಡು ತುಂಡು ತಂದು, ಹಗ್ಗ ಬಿಗಿದು, ನನ್ನ ಹೆಗಲಿಗೆ ಹೇರಿಯೇ ಬಿಟ್ಟ. ಮಟಮಟ ಮಧ್ಯಾಹ್ನ. ಟೆರೇಸಿನಲ್ಲಿ ಮೂರು ಸುತ್ತು ಹಾಕುವಷ್ಟರಲ್ಲಿ ತಗಡು ದೋಸೆ ಹೆಂಚಿನಂತೆ ಕಾದಿತ್ತು. ಪಕ್ಕದ ಮನೆಯಾಕೆ ಹಪ್ಪಳ ಒಣಗಹಾಕುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಥೂ, ಇದ್ದ ಮಾನವೂ ಹೋಯಿತು!

"ಅವನೇನ್ ಸಾಹುಕಾರನಾ ಕಬ್ಬಿಣ ಹಾಕ್ಕೊಳ್ಳೋಕೆ?" ಎಂದಳು ಅಮ್ಮ. "ಬಡವ್ರ ಮನೆ ಹುಡ್ಗ. ಅವ್ರಮ್ಮ ಹಳೇ ಬಟ್ಟೆ ಪದರ ಇಟ್ಟು ಬೊಂತೆ ಹೊಲಿದು ಕೊಟ್ಟಿರ್ತಾಳೆ."

ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳು ಪುಸ್ತಕ ಕೆದಕಿದ್ದೆ. ಪದರ ಪದರ ಬಟ್ಟೆಯ ಕವಚ ಅಲ್ಲೂ ಇತ್ತು, ವೀರನಿಗೆ ಒಪ್ಪುವುದಿಲ್ಲವೆಂದು ನಾನೇ ಬಿಟ್ಟಿದ್ದೆ.

ಅಮ್ಮ ಒಂದು ವಾರ ದಬ್ಬಳ ಹಿಡಿದು ಕೂತು ಹಳೇ ಸೀರೆಗಳ ಎಂಟು ಪದರ ಹೊಲಿದಳು. ಅದನ್ನು ಅಕ್ಕಿಮೂಟೆಗೆ ಸುತ್ತಿ ಅಣ್ಣ ಸ್ಕ್ರೂಡ್ರೈವರಿನಲ್ಲಿ ತಿವಿದ, ಮೂರನೇ ಪದರ ದಾಟಲಿಲ್ಲ. ನಾನು ತೊಟ್ಟು ಮೆಟ್ಟಿಲು ಹತ್ತಿ ಇಳಿದೆ. ಬೆವರು ಸುರಿಯಿತು, ಆದರೆ ಓಡಬಹುದಿತ್ತು.

ಬಿಚ್ಚುವಾಗ ಒಳಪದರ ಕಂಡಿತು. ತೊಂಬತ್ತು ದಾಟಿ ಬದುಕಿದ ಅಜ್ಜಿಯ ಸೀರೆ! ಅವಳ ಆಯಸ್ಸು ಬರಲೆಂದು ಮನೆಯ ಪ್ರತಿ ಕೂಸನ್ನೂ ಮೊದಲು ಸುತ್ತುತ್ತಿದ್ದದ್ದು ಅದರಲ್ಲೇ, ನನ್ನನ್ನೂ.

"ಅಯ್ಯೋ, ಅದನ್ಯಾಕಮ್ಮ ಹರಿದೆ?"

"ಹುಡ್ಗ ಗಟ್ಟಿಯಾಗಿ ಬಾಳ್ಲಿ ಅಂತ."

"ಅವನು ಕೊನೇಲಿ ಸಾಯ್ತಾನಮ್ಮ."

ಅಮ್ಮ ನನ್ನ ಮುಖವನ್ನೇ ನೋಡಿದಳು. "ಹಂಗಾದ್ರೆ ನಮ್ಮತ್ತೆ ಸೀರೆ ವಾಪಸ್ ಕೊಡು."

ಮೂರು ವರ್ಷದ ಕೆಲಸ, ಇಡೀ ಕಥೆ ನಿಂತಿರುವುದೇ ಆ ಸಾವಿನ ಮೇಲೆ ಎಂದು ಗೋಗರೆದೆ. ಯಾರು ಕೇಳಬೇಕು! ಕವಚವನ್ನು ಕಿತ್ತುಕೊಂಡು, ಹೊಸಿಲ ಮೇಲೆ ಕೂತು, ಕತ್ತರಿಯಿಂದ ಮೊದಲ ಹೊಲಿಗೆ ಕತ್ತರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಬಿಡಮ್ಮ, ಬದುಕ್ತಾನೆ!" ಎಂದು ಕಿರುಚಿದೆ.

ಈಗ ಕೊನೆಯ ಎಂಬತ್ತು ಪುಟ ಹರಿದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಅಮ್ಮ ದಿನಾ ಕಾಫಿ ತಂದಿಟ್ಟು ಕೇಳುತ್ತಾಳೆ, "ಎದ್ದು ಕೂತ್ನಾ? ಏನಾದ್ರೂ ತಿಂದ್ನಾ?"