ಗುಲಗಂಜಿ ತೂಕ

ಮುಧೋಳ ತಾಲೂಕಿನ ನಮ್ಮ ಕಬ್ಬಿನ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತವೆ. ಅವನ್ನು ಬೆದರಿಸಲು ಕಾಕಾನ ಬಳಿ ಲೈಸೆನ್ಸಿನ ಹಳೆಯ ಬಂದೂಕಿತ್ತು. ನಳಿಗೆಯ ಬಾಯಿಂದಲೇ ಮದ್ದು ತುಂಬುವಂಥದ್ದು. ಎಷ್ಟು ತುಂಬಬೇಕು ಎನ್ನುವುದಕ್ಕೆ ಅಜ್ಜ ಮಾಡಿಟ್ಟ ಹಿತ್ತಾಳೆಯ ಅಳತೆ ಡಬ್ಬಿಯೊಂದಿತ್ತು. ಮನೆಗೆ ಸುಣ್ಣ ಬಳಿಸಿದಾಗ ಅದು ಕಳೆದುಹೋಯಿತು. ಉಳಿದದ್ದು ಅಜ್ಜನ ನೋಟ್‌ಬುಕ್ಕು. ಅದರಲ್ಲಿ ಮದ್ದಿನ ತೂಕವನ್ನು ಗುಲಗಂಜಿಯ ಲೆಕ್ಕದಲ್ಲಿ ಬರೆದಿದ್ದರು.

ಒಂದು ಭಾನುವಾರ ನಾನು ಜಮಖಂಡಿಯಿಂದ ಬಂದಾಗ ಕಾಕಾ ಆ ಪುಟ ತೆಗೆದು ಮುಂದಿಟ್ಟರು. ಪಕ್ಕದಲ್ಲಿ ಹೊಸ ಎಲೆಕ್ಟ್ರಾನಿಕ್ ತಕ್ಕಡಿ.

"ನೀ ಕೆಮಿಸ್ಟ್ರಿ ಕಲ್ತಾಕಿ ಅವ್ವಿ. ಇದನ್ನ ಗ್ರಾಮಿನ್ಯಾಗ ಬರದ ಕೊಡು."

ಒಳಗಿನಿಂದ ಕಾಕು ನಕ್ಕಳು. "ಬೇಲ್ಯಾಗ ಗುಲಗಂಜಿ ಬಳ್ಳಿನ ಐತಲ್ರಿ. ಕಾಳ ಹರಕೊಂಡ ಬಂದ ತೂಗಿದ್ರ ಆತು. ಅದಕ್ಕ ಎಮ್ಮೆಸ್ಸಿ ಯಾಕ ಬೇಕು?"

"ನಿನ್ನ ಬೇಲಿ ಸೈನ್ಸ್ ಸಾಕ ಮಾಡ ಬೇ. ಚಾ ಇಡು."

"ಎಲ್ಲಾ ಕಾಳು ಒಂದ ತೂಕ ಇರೂದಿಲ್ಲ ಕಾಕು" ಎಂದು ನಾನೂ ಹೇಳಿದೆ. ಫೋನಿನಲ್ಲಿ ಹುಡುಕಿದೆ, ಮೊದಲು ಸಿಕ್ಕ ಕೋಷ್ಟಕವನ್ನೇ ಹಿಡಿದೆ, ಗುಣಿಸಿ ಚೀಟಿ ಬರೆದುಕೊಟ್ಟೆ. ಎರಡು ಆಧಾರಗಳಿಲ್ಲದ ಒಂದು ಸಂಖ್ಯೆಯನ್ನೂ ನನ್ನ ಪ್ರಬಂಧದಲ್ಲಿ ನಾನು ಉಳಿಸಿದವಳಲ್ಲ. ಆ ಕೋಷ್ಟಕ ಮಾಡಿದವರು ಯಾರು ಎಂದು ಕೂಡ ಅಂದು ನೋಡಲಿಲ್ಲ. ಕಾಕಾ ಚೀಟಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಹೊರಡುವಾಗ ಕಾಕು ಹಟಕ್ಕೆಂಬಂತೆ ಒಂದು ಹಿಡಿ ಗುಲಗಂಜಿ ನನ್ನ ಚೀಲಕ್ಕೆ ಹಾಕಿದಳು.

ಸೋಮವಾರ ಮಧ್ಯಾಹ್ನ ಕಾಲೇಜಿನಲ್ಲಿ ಇನ್ನೊಂದು ಕೋಷ್ಟಕ ಕಣ್ಣಿಗೆ ಬಿತ್ತು. ಒಂದು ಗುಲಗಂಜಿಗೆ ನಾನು ಹಿಡಿದ ತೂಕ ಅದರ ಒಂದೂವರೆ ಪಟ್ಟು. ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಖಚಿತವಾಗಲಿ, ಒಂದೆರಡು ದಿನದಲ್ಲೇನೂ ಅವರು ಬಂದೂಕು ಮುಟ್ಟಲಾರರು ಎಂದುಕೊಂಡೆ. ನಿಜವೇನೆಂದರೆ, ಎರಡು ಸಲ ತಪ್ಪು ಹೇಳಿದವಳು ಎನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಪ್ರಯೋಗಾಲಯದ ತಕ್ಕಡಿಯಲ್ಲಿ ಕಾಕು ಕೊಟ್ಟ ಕಾಳುಗಳನ್ನು ತೂಗಿದೆ. ಒಂದೊಂದರಲ್ಲಿ ಕೂದಲೆಳೆಯ ವ್ಯತ್ಯಾಸ, ಅಷ್ಟೆ. ಸರಾಸರಿ ಎರಡನೆಯ ಕೋಷ್ಟಕಕ್ಕೆ ಸರಿಯಾಗಿ ಕೂತಿತು. ಫೋನ್ ಹಚ್ಚಿದೆ. ಎತ್ತಿದ್ದು ಕಾಕು.

"ದವಾಖಾನ್ಯಾಗ ಅದೀವಿ ಅವ್ವಿ. ಮುಂಜಾನೆ ಬಂದೂಕ ನೋಡ್ತೀನಂತ ಹಾರಿಸಿದ್ರು. ನಳಿಗಿ ಸೀಳೇತಿ."

ಕೆನ್ನೆಯ ಸುಟ್ಟ ಗಾಯ ಮಾಯಿತು. ಬಲಗಿವಿ ಮತ್ತೆ ಕೇಳಿಸಲಿಲ್ಲ. ನೋಡಲು ಬಂದವರೆಲ್ಲ ಕಾಕಾನನ್ನು ಬೈದರು. ಅವರು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದರು: "ಹುಡುಗಿ ಸರಿನ ಬರದಿದ್ಲು. ನನ್ನ ಕೈ ಹೆಚ್ಚಿಗಿ ಸುರವೇತಿ." ನಾನು ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದೆ. ನಾಲ್ಕು ತಿಂಗಳು ಹಾಗೆಯೇ ಕಳೆದವು.

ಮೊನ್ನೆ ಹೋದಾಗ ಕಾಕಾ ಉತ್ಸಾಹದಲ್ಲಿದ್ದರು. ಬೇರೆ ಬಂದೂಕಿಗೆ ಪರವಾನಗಿ ಸಿಕ್ಕಿತ್ತು. ಜೇಬು ತಟ್ಟಿಕೊಂಡರು. "ನಿನ್ನ ಚೀಟಿ ಇನ್ನೂ ಇಟ್ಟೇನಿ. ಈ ಸಲ ಕೈ ತಪ್ಪೂದಿಲ್ಲ."

ನಾನು ಅವರ ಬಲಕ್ಕೆ ಕೂತಿದ್ದೆ. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ: ಕೋಷ್ಟಕ, ಕಾಳು, ಸೋಮವಾರ. ಕಾಕಾ ಅಂಗಳ ನೋಡುತ್ತ ತಲೆಯಾಡಿಸುತ್ತಿದ್ದರು. ಒಂದು ಮಾತೂ ಅವರಿಗೆ ಕೇಳಿಸಿರಲಿಲ್ಲ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಎದ್ದು ಹೋಗಬಹುದಿತ್ತು. ಎದ್ದು ಎಡಕ್ಕೆ ಹೋಗಿ ಕೂತೆ. ಮತ್ತೆ ಮೊದಲಿನಿಂದ ಹೇಳಿದೆ. ಹೊಸ ಬಂದೂಕಿಗೆ ಅದನ್ನು ಮಾಡಿದವರು ಕೊಟ್ಟ ಪುಸ್ತಕವೊಂದೇ ಆಧಾರ, ಅಜ್ಜನ ಅಳತೆಯೂ ಬೇಡ, ನನ್ನದಂತೂ ಬೇಡವೇ ಬೇಡ ಎಂದೆ.

"ಸೋಮವಾರನ ಗೊತ್ತಾಗಿತ್ತೇನ?"

"ಅನುಮಾನ ಬಂದಿತ್ರಿ ಕಾಕಾ."

ಅವರು ಜೇಬಿನಿಂದ ಚೀಟಿ ತೆಗೆದು ನನ್ನ ಕೈಗಿಟ್ಟರು. ಬೆವರಿಗೆ ಮಡಿಕೆಗಳು ಮೆತ್ತಗಾಗಿದ್ದವು. ನಾನು ಬಂದಾಗಲೆಲ್ಲ ಚಾ ಇಡು ಎಂದು ಒಳಗೆ ಕೂಗುವವರು ಅಂದು ಕೂಗಲಿಲ್ಲ.